ಜ್ವರ ಗೇರ್‌ಬಾಕ್ಸಿಗೋ, ಜ್ವರಮಾಪಕಕ್ಕೋ?

ಸೇಲಂನಿಂದ ಧರ್ಮಪುರಿಗೆ ಬರುವವರು ರಾಷ್ಟ್ರೀಯ ಹೆದ್ದಾರಿ ೪೪ರ ತೊಪ್ಪೂರು ಘಾಟನ್ನು ಏರಲೇಬೇಕು. ಏರ್ಕಾಡಿನ ದಾರಿಯಲ್ಲಂತೂ ತಿರುವಿನ ಮೇಲೆ ತಿರುವು. ಇಂತಹ ಕಡೆ ಎಂಜಿನ್ ಕಾಯುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಎಣ್ಣೆಯೂ ಚೆನ್ನಾಗಿ ಕಾಯುತ್ತದೆ. ಇವುಗಳಲ್ಲಿ ಹಲವದರಲ್ಲಿ ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕವೇ ಗೇರಿಗೆ ಸಾಗುತ್ತದೆ. ಭಾರ ಹೊತ್ತು ನಿಧಾನವಾಗಿ ಏರುವಾಗ ಆ ಎಣ್ಣೆ ಕಡೆದು ಕಡೆದು ಬಿಸಿಯಾಗುತ್ತದೆ. ಸುಮಾರು ೮೦ರಿಂದ ೯೫ ಡಿಗ್ರಿ ಸೆಂಟಿಗ್ರೇಡ್ ಸಹಜ. ಅದಕ್ಕಿಂತ ಬಹಳ ಮೇಲೇರಿದರೆ ಎಣ್ಣೆ ಕೆಡುತ್ತದೆ, ಒಳಗಿನ ಕ್ಲಚ್ ತಟ್ಟೆಗಳು ಸುಡುತ್ತವೆ.

ಈ ಬಿಸಿಯನ್ನು ಅಳೆಯುವುದು ಥರ್ಮಿಸ್ಟರ್ ಎಂಬ ಪುಟ್ಟ ವಸ್ತು. ತಾಮ್ರದ ತಂತಿ ಬಿಸಿಯಾದಂತೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆಂದು ಪಾಠದಲ್ಲಿ ಓದಿದ್ದೇವಷ್ಟೆ? ಇದರದು ತದ್ವಿರುದ್ಧ, ಬಿಸಿ ಏರಿದಂತೆ ರೋಧ ಇಳಿಯುತ್ತದೆ. ಕಾರಿನ ಕಂಪ್ಯೂಟರ್ ಆ ರೋಧವನ್ನು ನೋಡಿ ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ತಂತಿ ಕಡಿದುಹೋದರೆ ರೋಧ ಅಪಾರ! ಆಗ ಕಂಪ್ಯೂಟರ್ ಎಣ್ಣೆ ಹೆಪ್ಪುಗಟ್ಟುವಷ್ಟು ತಣ್ಣಗಿದೆಯೆಂದು ಭ್ರಮಿಸುತ್ತದೆ. ಧರ್ಮಪುರಿಯ ಮೇ ತಿಂಗಳ ಬಿಸಿಲಿನಲ್ಲಿ ಮೈನಸ್ ೪೦ ಡಿಗ್ರಿ ತೋರಿಸುವುದೂ ಉಂಟು. ಬದಲಿಗೆ ತಂತಿಗಳು ಒಂದಕ್ಕೊಂದು ತಗುಲಿದರೆ ವಿಪರೀತ ಕಾದಿದೆಯೆಂದು ತಿಳಿದು ಎಚ್ಚರಿಕೆಯ ದೀಪ ಹಚ್ಚುತ್ತದೆ. ಕೆಲವು ಕಾರುಗಳು ಒಂದೇ ಗೇರಿನಲ್ಲಿ ಕುಂಟುತ್ತಾ ಸಾಗುತ್ತವೆ.

ದೀಪ ಕಂಡೊಡನೆ ಅದು ಸುಳ್ಳೆಂದು ತಳ್ಳಿಹಾಕುವುದು ಅಪಾಯ; ಗೇರ್‌ಬಾಕ್ಸನ್ನೇ ಬದಲಿಸಿರೆಂಬ ಮಾತಿಗೆ ತಲೆದೂಗುವುದು ಮನೆಯ ಹಣಕ್ಕೆ ಅಪಾಯ. ಮೊದಲು ಕಾರನ್ನು ರಸ್ತೆಯಿಂದ ದೂರ ನಿಲ್ಲಿಸಿ ಆರಲು ಬಿಡಬೇಕು. ಆಮೇಲೆ ಮೆಕ್ಯಾನಿಕ್ ಎಣ್ಣೆಯನ್ನು ನೋಡಲಿ. ಅದು ಕಪ್ಪಾಗಿ, ಸುಟ್ಟ ವಾಸನೆ ಬರುತ್ತಿದ್ದರೆ ಜ್ವರ ನಿಜವಾದದ್ದೇ.

ಎಣ್ಣೆ ಚೆನ್ನಾಗಿದ್ದರೆ ಬೆಳಗಿನ ಪರೀಕ್ಷೆ ಮಾಡಬೇಕು. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಸುಲಭ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಗೇರ್ ಎಣ್ಣೆ, ರೇಡಿಯೇಟರ್ ನೀರು, ಹೊರಗಿನ ಗಾಳಿ ಮೂರೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರಬೇಕು. ಸ್ಕ್ಯಾನರ್ ಹಚ್ಚಿ ನೋಡಿದಾಗ ಗೇರ್ ಎಣ್ಣೆಯದು ಮಾತ್ರ ಬೇರೆಯಾಗಿದ್ದರೆ ಸುಳ್ಳುಗಾರ ಸಿಕ್ಕಿಬಿದ್ದಂತೆ. ಆದರೂ ಸೆನ್ಸರನ್ನೇ ದೂರುವ ಮೊದಲು ಅದರ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅಲ್ಲಿ ಎಣ್ಣೆ ಒಸರಿ ಪಿನ್ನುಗಳು ಕಿಲುಬು ಹಿಡಿದಿರುವುದುಂಟು. ಬಿಚ್ಚಿದಾಗ ಸ್ಕ್ಯಾನರಿನ ಅಂಕಿ ತೀರಾ ಕೆಳಗಿಳಿದರೆ ಮೇಲಿನ ತಂತಿ ಸರಿಯಿದೆ, ದೋಷ ಒಳಗಿದೆ ಎಂದರ್ಥ. ಬಿಸಿಯ ಅಂಕಿ ಕದಲದೇ ಇದ್ದರೆ ತಂತಿಯನ್ನೇ ಹುಡುಕಬೇಕು.

ಗೇರ್‌ಬಾಕ್ಸ್ ತಣ್ಣಗಾಗಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿದ್ದಾರೆ. ಇದನ್ನು ಖಂಡಿತ ಮಾಡಬಾರದು. ಎಂಜಿನ್ನಿನ ತಡೆ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ತೊಪ್ಪೂರಿನ ಇಳಿತದಲ್ಲಿ ಎಷ್ಟೋ ಲಾರಿಗಳು ಹತೋಟಿ ತಪ್ಪಿವೆ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ರೇಡಿಯೋ ಬಿಡಿಭಾಗದ ಅಂಗಡಿಯಿಂದ ಇಂತಹ ಒಂದು ಥರ್ಮಿಸ್ಟರ್ ತಂದು, ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಿಸಿನೀರಿನ ಲೋಟದಲ್ಲಿಟ್ಟು ಮಲ್ಟಿಮೀಟರಿನಿಂದ ರೋಧ ಅಳೆಯಬಹುದು. ನೀರು ಆರುತ್ತಿದ್ದಂತೆ ಅಂಕಿ ಮೆಲ್ಲನೆ ಏರುತ್ತಾ ಹೋಗಬೇಕು. ನಡುವೆ ಎಲ್ಲಾದರೂ ಥಟ್ಟನೆ ಜಿಗಿದರೆ ಅದು ಕೆಟ್ಟಿದೆ, ಇಲ್ಲವೆ ತಂತಿ ಸಡಿಲವಾಗಿದೆ.