ಹಿತ್ತಲಲ್ಲೇ ದೋಣಿ

ಮನೆ ಕೊಳ್ಳುವಾಗ ನಾವೇನು ಕೇಳ್ತೀವಿ?
ನೀರು ಬರುತ್ತಾ? ಪಾರ್ಕಿಂಗ್ ಇದೆಯಾ?

ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಪ್ರಶ್ನೆಯೇ ಬೇರೆ.
'ಸಮುದ್ರಕ್ಕೆ ಹೋಗೋ ದಾರೀಲಿ ಸೇತುವೆ ಇದೆಯಾ?'

ಅಲ್ಲಿ ಎಷ್ಟೋ ಮನೆಗಳ ಹಿತ್ತಲ ಬಾಗಿಲು ತೆರೆದ್ರೆ ಕಾಲುವೆ.
ಹಗ್ಗ ಬಿಗಿದ ದೋಣಿ
ಮೆಲ್ಲಗೆ ತೂಗ್ತಾ ಇರುತ್ತೆ.

ಮೊದಲು ಈ ಜಾಗ ಕಾಂಡ್ಲಾ ಬೆಳೆದ ಜೌಗು.
1920ರ ದಶಕದಲ್ಲಿ ಕೆಸರು ತೋಡಿದ್ರು,
ಪಕ್ಕದಲ್ಲೇ ಸುರಿದು ನೆಲ ಮಾಡಿದ್ರು.
ಬಾಚಣಿಗೆ ನೆನಪಿಸ್ಕೊಳ್ಳಿ:
ಹಲ್ಲೆಲ್ಲ ಸೈಟು, ಸಂದೆಲ್ಲ ನೀರು.
ಜಾಣ ವ್ಯಾಪಾರ, ಬಿಡಿ!

ಆದ್ರೆ ಸೇತುವೆ ತಗ್ಗಾಗಿದ್ರೆ?
ಎತ್ತರದ ಹಾಯಿದೋಣಿ ಒಳಗೇ ಬಂದಿ.
ಅದಕ್ಕೇ ಅಡ್ಡ ಸೇತುವೆ ಇಲ್ಲದ ಮನೆಗೆ
ಭಾರೀ ಬೇಡಿಕೆ.

ಇನ್ನೊಂದು ವಿಷಯ.
ಸೆಪ್ಟೆಂಬರ್ ಕಳೆದ ಮೇಲೆ, ದೊಡ್ಡ ಉಬ್ಬರದ ದಿನ,
ಮೋಡವೇ ಇಲ್ಲದ ಬಿಸಿಲಲ್ಲೂ
ತಗ್ಗಿನ ರಸ್ತೆಗಳಿಗೆ
ಉಪ್ಪುನೀರು ನುಗ್ಗುತ್ತೆ.
ದುಬಾರಿ ಕಾರಿನ ಚಕ್ರ ಮುಳುಗಿರುತ್ತೆ,
ಹಿತ್ತಲ ದೋಣಿ ಮಾತ್ರ ಹಾಯಾಗಿ ತೇಲ್ತಿರುತ್ತೆ.