ಕಪ್ಪುಗಣ್ಣಿನ ಗ್ಯಾನೆಟ್‌ಗಳು

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಾಚೆ ಬಾಸ್ ರಾಕ್ ಎಂಬ ಬಂಡೆದ್ವೀಪವಿದೆ. ಬೇಸಿಗೆಯಲ್ಲಿ ಅದು ದೂರಕ್ಕೆ ಬೆಳ್ಳಗೆ ಕಾಣುವುದು ಗ್ಯಾನೆಟ್ ಎಂಬ ಕಡಲಹಕ್ಕಿಗಳಿಂದ, ಅವುಗಳ ಹಿಕ್ಕೆಯಿಂದ. 2014ರಲ್ಲಿ ಎಣಿಸಿದಾಗ ಗೂಡಿನ ತಾಣಗಳೇ 75,000ಕ್ಕಿಂತ ಹೆಚ್ಚಿದ್ದವು. 2022ರ ಜೂನ್‌ನಲ್ಲಿ ಎಚ್5ಎನ್1 ಹಕ್ಕಿಜ್ವರ ಅಲ್ಲಿಗೂ ನುಗ್ಗಿತು. ಮರುವರ್ಷ ಎಣಿಸಿದರೆ ಉಳಿದಿದ್ದವು ಸುಮಾರು 52,000.

ಗ್ಯಾನೆಟ್‌ಗಳು ಒಂದರ ಕೊಕ್ಕು ಇನ್ನೊಂದಕ್ಕೆ ತಾಗುವಷ್ಟು ಹತ್ತಿರ ಗೂಡು ಕಟ್ಟುತ್ತವೆ. ವೈರಸ್ಸಿಗೆ ಇನ್ನೇನು ಬೇಕು? ಸತ್ತ ಹಕ್ಕಿಗಳನ್ನು ಎಣಿಸಿದರೆ ನಷ್ಟವೆಷ್ಟು ಎಂಬುದು ಗೊತ್ತಾಗುತ್ತದೆ. ರೋಗ ತಗುಲಿಯೂ ಬದುಕಿದವು ಇವೆಯೇ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಬದುಕಿರುವ ಹಕ್ಕಿಗಳನ್ನೇ ಹಿಡಿದು ಪರೀಕ್ಷಿಸಬೇಕು.

ಸಂಶೋಧಕರು ಹಾಗೇ ಮಾಡಿದರು. ಗ್ಯಾನೆಟ್‌ನ ಕಣ್ಣು ತಿಳಿನೀಲಿ. ಆ ಬೇಸಿಗೆಯ ನಂತರ ಕೆಲವು ಹಕ್ಕಿಗಳ ಕಣ್ಣಿನ ಆ ನೀಲಿ ಉಂಗುರ ಕಪ್ಪಾಗಿತ್ತು. ನೋಡಲು ಆರೋಗ್ಯವಾಗಿದ್ದ 18 ಹಕ್ಕಿಗಳ ರಕ್ತ ತೆಗೆದರು. 8ರಲ್ಲಿ ಎಚ್5 ವೈರಸ್ಸಿನ ವಿರುದ್ಧ ಪ್ರತಿಕಾಯಗಳು ಸಿಕ್ಕವು. ಆ 8ರಲ್ಲಿ 7 ಹಕ್ಕಿಗಳ ಕಣ್ಣು ಕಪ್ಪು. ಅವು ಜ್ವರವನ್ನು ಜಯಿಸಿದ್ದವು! ಮಾದರಿ ಚಿಕ್ಕದೇ ಇರಬಹುದು, ಆದರೆ ದುರ್ಬೀನಿನಲ್ಲೇ ಗುರುತಿಸಬಹುದಾದ ಸುಳಿವೊಂದು ದೊರೆತದ್ದು ಸಣ್ಣ ಮಾತಲ್ಲ.

ರಕ್ತ ಹೇಳುವುದು ಹಿಂದೆ ತಗುಲಿದ ಸೋಂಕಿನ ಕಥೆ. ಈಗ ಒಳಗೆ ವೈರಸ್ ಇದೆಯೇ ಎಂದು ತಿಳಿಯಲು ಗಂಟಲು ಮತ್ತು ಗುದದ್ವಾರದಿಂದ ಹತ್ತಿಕಡ್ಡಿಯಲ್ಲಿ ದ್ರವ ತೆಗೆದು, ತಣ್ಣಗೆ ಕಾಪಾಡಿ, ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಕೋವಿಡ್ ಕಾಲದಲ್ಲಿ ನಮಗೆಲ್ಲ ಪರಿಚಯವಾದ ಆರ್‌ಟಿ-ಪಿಸಿಆರ್ ಪರೀಕ್ಷೆಯೇ ಅಲ್ಲೂ ನಡೆಯುತ್ತದೆ. ಆಮೇಲೆ ವೈರಸ್ಸಿನ ಜೀನ್ ಸರಣಿ ಓದಿ ಅದು ಯಾವ ಕವಲಿನದು, ಎತ್ತಣಿಂದ ಬಂತು ಎಂದು ಹುಡುಕುತ್ತಾರೆ.

ಈ ದುಡಿಮೆಯ ಫಲ ಹಕ್ಕಿಗಳಿಗಷ್ಟೇ ಸೀಮಿತವಲ್ಲ. 1960ರ ದಶಕದ ಕೊನೆಯಲ್ಲಿ ವೈರಸ್ ವಿಜ್ಞಾನಿಗಳಾದ ಗ್ರೇಮ್ ಲೇವರ್ ಮತ್ತು ರಾಬರ್ಟ್ ವೆಬ್‌ಸ್ಟರ್ ಆಸ್ಟ್ರೇಲಿಯಾದ ಕಡಲತೀರದಲ್ಲಿ ಸತ್ತ ಶಿಯರ್‌ವಾಟರ್ ಹಕ್ಕಿಗಳನ್ನು ಕಂಡರು. ಇವನ್ನು ಕೊಂದದ್ದು ಫ್ಲೂ ಇರಬಹುದೇ ಎಂಬ ಪ್ರಶ್ನೆ ಹಿಡಿದು ಗ್ರೇಟ್ ಬ್ಯಾರಿಯರ್ ರೀಫ್‌ನ ದ್ವೀಪಗಳಿಗೆ ಹೋಗಿ, ಆರೋಗ್ಯವಂತ ಹಕ್ಕಿಗಳಲ್ಲೇ ಫ್ಲೂ ವೈರಸ್ ಪತ್ತೆ ಮಾಡಿದರು. ಮುಂದೆ ಅಲ್ಲಿನ ನಾಡಿ ಎಂಬ ಕಡಲಹಕ್ಕಿಯಿಂದ ಸಿಕ್ಕ ವೈರಸ್ಸಿನ ನ್ಯೂರಮಿನಿಡೇಸ್ ಎಂಬ ಪ್ರೋಟೀನು ಸೊಗಸಾದ ಹರಳಾಗಿ ಕಟ್ಟಿತು. ಮನುಷ್ಯರ ಫ್ಲೂ ಔಷಧಗಳನ್ನು ರೂಪಿಸುವ ಕೆಲಸಕ್ಕೆ ಆ ಹರಳುಗಳು ನೆರವಾದವು. ಹಕ್ಕಿಯ ಗಂಟಲಿಗೆ ಹತ್ತಿಕಡ್ಡಿ ಹಾಕುವುದಕ್ಕೆ ಹಣವೇಕೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಮಳೆಗಾಲದ ಬಿರುಗಾಳಿಗೆ ಸಿಕ್ಕಿ ನಮ್ಮ ಕರಾವಳಿಯಲ್ಲೂ ಕಡಲಹಕ್ಕಿಗಳು ಬಂದು ಬೀಳುವುದುಂಟು. ಬಹುಪಾಲು ಬರೀ ದಣಿದವು, ರೋಗದವಲ್ಲ. ಆದರೂ ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗಳನ್ನು ದೂರವಿಡಿ. ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ಅಂದೇ ತಿಳಿಸಿ.