ಬೇರ್ಪಡಿಸುವ ವಿದ್ಯೆಯೇ ಬಂಡವಾಳ

ವಿದ್ಯುತ್ತು ಹಳ್ಳಿಗಳಿಗೆ ತಲುಪುವ ಮುನ್ನ ಮದುವೆಯ ಮೆರವಣಿಗೆಗೂ ಜಾತ್ರೆಯ ಅಂಗಡಿಗಳಿಗೂ ಪೆಟ್ರೋಮ್ಯಾಕ್ಸ್ ದೀಪವೇ ಆಧಾರವಾಗಿದ್ದಿತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಿರಿಯ ವರ್ತಕರಿಗೆ ಅದರ ಬಿಳಿಯ ಮ್ಯಾಂಟಲ್ ನೆನಪಿರಬಹುದು. ಅಂತಹ ಮ್ಯಾಂಟಲ್ಲನ್ನು ರೂಪಿಸಿದವರು ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ (1858–1929). ಇಂದು ವಿದ್ಯುತ್ ವಾಹನಗಳ ಮೋಟಾರಿಗೆ ಅತ್ಯವಶ್ಯವಾದ ನಿಯೋಡಿಮಿಯಂ ಧಾತುವನ್ನು ಕಂಡುಹಿಡಿದವರೂ ಅವರೇ.

ವಿರಳವೆಂಬುದು ಹೆಸರಿಗೆ ಮಾತ್ರ

ವಿರಳ ಭೂಧಾತುಗಳು ಒಟ್ಟು 17. ಇವುಗಳಲ್ಲೊಂದಾದ ಸೀರಿಯಂ ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಗುಣಧರ್ಮದಲ್ಲಿ ಇವು ಒಂದನ್ನೊಂದು ಬಹಳವಾಗಿ ಹೋಲುವುದರಿಂದ ಬೇರ್ಪಡಿಸುವ ಕಾರ್ಯವೇ ಕಠಿಣ. ಸ್ವೀಡನ್ನಿನ ಮೊಸಾಂಡರ್ 1840ರ ಸುಮಾರಿಗೆ ಕಂಡುಕೊಂಡ ‘ಡಿಡಿಮಿಯಂ’ ಒಂದೇ ಧಾತುವೆಂದು ದಶಕಗಳ ಕಾಲ ನಂಬಲಾಗಿತ್ತು. ವೆಲ್ಸ್‌ಬಾಖ್ ಅದರ ಲವಣವನ್ನು ಕರಗಿಸಿ, ಹರಳುಗಟ್ಟಿಸಿ, ಮತ್ತೆ ಕರಗಿಸಿ, ಈ ಕ್ರಿಯೆಯನ್ನು ಬೇಸರವಿಲ್ಲದೆ ಪುನರಾವರ್ತಿಸಿದರು. 1885ರಲ್ಲಿ ಅದು ಎರಡಾಗಿ ಒಡೆಯಿತು: ಹಸಿರು ಲವಣ ಕೊಡುವ ಪ್ರೇಸಿಯೋಡಿಮಿಯಂ, ಗುಲಾಬಿ ಲವಣ ಕೊಡುವ ನಿಯೋಡಿಮಿಯಂ.

ಕಸದಿಂದ ಸರಕು

ಅವರ ಮೊದಲ ಮ್ಯಾಂಟಲ್ ಹಸಿರು ಬೆಳಕು ಸೂಸುತ್ತಿತ್ತು, ಬೇಗ ಮುರಿಯುತ್ತಿತ್ತು, ವ್ಯಾಪಾರ ಕೈಗೂಡಲಿಲ್ಲ. 1891ರಲ್ಲಿ ಶೇ. 99 ಥೋರಿಯಂ ಆಕ್ಸೈಡ್‌ಗೆ ಶೇ. 1 ಸೀರಿಯಂ ಆಕ್ಸೈಡ್ ಬೆರೆಸಿದಾಗ ಉಜ್ವಲ ಬಿಳಿ ಬೆಳಕು ದೊರೆಯಿತು. ಥೋರಿಯಂ ದೊರೆಯುತ್ತಿದ್ದುದು ಮೊನಜೈಟ್ ಮರಳಿನಿಂದ. 1909ರಲ್ಲಿ ಅದು ನಮ್ಮ ತಿರುವಾಂಕೂರಿನ ಕಡಲತೀರದಲ್ಲಿಯೂ ಪತ್ತೆಯಾಯಿತು. ಥೋರಿಯಂ ತೆಗೆದ ಮೇಲೆ ಉಳಿದ ಸೀರಿಯಂ ಮಿಶ್ರಣ ನಿರುಪಯುಕ್ತವೆನಿಸಿತ್ತು. 1903ರಲ್ಲಿ ಅದಕ್ಕೆ ಕಬ್ಬಿಣ ಬೆರೆಸಿ ಅವರು ಲೈಟರ್ ಕಲ್ಲನ್ನು ತಯಾರಿಸಿದರು. ವೆಲ್ಡಿಂಗ್ ಅಂಗಡಿಗಳಲ್ಲಿ ಅನಿಲ ಹೊತ್ತಿಸುವ ಕಿಡಿ ಇಂದಿಗೂ ಅದರದೇ.

ನಮಗೇನು ಪಾಠ?

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳು ಹಾಗೂ ಅವುಗಳನ್ನೊಳಗೊಂಡ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ಭಾರತದ ವಾಹನೋದ್ಯಮ ಪೂರೈಕೆಯ ಸಂಕಟಕ್ಕೆ ಸಿಲುಕಿತು. ಮೊನಜೈಟ್ ನಮ್ಮ ತೀರದಲ್ಲಿಯೇ ಇದ್ದರೂ ಅಯಸ್ಕಾಂತಕ್ಕೆ ಪರರನ್ನು ನೆಚ್ಚಬೇಕಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದೇಶೀಯ ಅಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಗಳ ಯೋಜನೆಗೆ ಅನುಮೋದನೆ ನೀಡಿತು.

ಕಚ್ಚಾವಸ್ತು ಇದ್ದ ಮಾತ್ರಕ್ಕೆ ಲಾಭ ಕೈಸೇರದು ಎಂಬುದನ್ನು ಬ್ಯಾಡಗಿಯ ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ. ಮೆಣಸಿನಕಾಯಿಯ ಚೀಲಕ್ಕೊಂದು ಬೆಲೆಯಾದರೆ, ಅದರಿಂದ ಬೇರ್ಪಡಿಸಿದ ಬಣ್ಣದ ಓಲಿಯೋರೆಸಿನ್‌ಗೆ ಮತ್ತೊಂದು ಬೆಲೆ. ಬೇರ್ಪಡಿಸುವ ವಿದ್ಯೆ ಯಾರ ಕೈಯಲ್ಲಿದೆಯೋ ಹೆಚ್ಚಿನ ಲಾಭವೂ ಅವರದೇ. ನಮ್ಮ ಉದ್ದಿಮೆದಾರರು ತಮ್ಮ ಕಾರ್ಖಾನೆಯಿಂದ ಹೊರಬೀಳುವ ಉಳಿಕೆಯನ್ನು ಎಸೆಯುವ ಮುನ್ನ ಒಮ್ಮೆ ಪರೀಕ್ಷೆಗೆ ಒಳಪಡಿಸುವುದು ಒಳಿತು.